ಕ್ರಿಸ್ತನ ಬಲಿ ಯಾರಿಗಾಗಿ?

ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯಿಂದ ಬಲ್ಮಠದ ಶಾಂತಿ ಕೆಥೀಡ್ರಲಿಗೆ ನಡೆದು ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮೊದಲನೆಯದು ರೋಮನ್ ಕಥೊಲಿಕರದು. ಎರಡನೆಯದು ಬಾಸೆಲ್ ಮಿಶನಿನ ಪರಂಪರೆಯಲ್ಲಿ ಬೆಳೆದು, ಈಗ ದಕ್ಷಿಣ ಭಾರತ ಸಭೆಗೆ ಸೇರಿರುವ ಪ್ರೊಟೆಸ್ಟಂಟರದು. ಶುಭ ಶುಕ್ರವಾರದಂದು ಎರಡೂ ಕಡೆ ಒಂದೇ ಮರಣದ ಸ್ಮರಣೆ ನಡೆಯುತ್ತದೆ. ಆ ಮರಣವು ಮನುಷ್ಯರ ಪಾಪವನ್ನು ಕಳೆಯಿತೆಂಬುದು ಎರಡೂ ಕಡೆಯ ನಂಬಿಕೆ. ಹೊರಗಿನಿಂದ ನೋಡುವ ನೆರೆಹೊರೆಯವರಿಗೆ ಇದು ಚರ್ಚೆಗೆ ಎಡೆಯಿಲ್ಲದ, ಎಲ್ಲ ಕ್ರೈಸ್ತರೂ ಒಪ್ಪಿದ ಮಾತೆಂದು ತೋರುವುದು ಸಹಜ. ಆದರೆ ಕ್ರೈಸ್ತ ತತ್ತ್ವಶಾಸ್ತ್ರದ ಇತಿಹಾಸವನ್ನು ಬಿಡಿಸಿ ನೋಡಿದರೆ ಸಾವಿರ ವರ್ಷಕ್ಕೂ ಮಿಕ್ಕಿ ಮುಗಿಯದ ಒಂದು ಪ್ರಶ್ನೆ ಅಲ್ಲಿ ಕಾಣುತ್ತದೆ: ಆ ಮರಣ ಯಾರಿಗಾಗಿ? ಸಮಸ್ತ ಮಾನವಕುಲಕ್ಕಾಗಿಯೋ, ದೇವರು ಮೊದಲೇ ಆರಿಸಿಕೊಂಡ ಕೆಲವರಿಗಾಗಿಯೋ?

ಇದು ಪರಮತದ ಒಳಜಗಳ, ಜೈನ ಓದುಗನಿಗೆ ಇದರಿಂದ ಆಗಬೇಕಾದುದೇನು ಎಂಬ ಆಕ್ಷೇಪ ಬರಬಹುದು. ಆದರೆ ಈ ಪ್ರಶ್ನೆಯೊಳಗೆ ಎರಡು ನೈತಿಕ ಸಮಸ್ಯೆಗಳು ಅಡಗಿವೆ. ಒಬ್ಬನ ದೋಷವನ್ನು ಇನ್ನೊಬ್ಬನು ಹೊರಬಹುದೇ ಎಂಬುದು ಒಂದು. ಬಿಡುಗಡೆಯ ದಾರಿಯಿಂದ ಮೊದಲೇ ಹೊರಗಿಡಲ್ಪಟ್ಟ ಜೀವಿಗಳುಂಟೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಜೈನ ದರ್ಶನದ ಉತ್ತರ ಸ್ಪಷ್ಟವಾಗಿದೆ. ಎರಡನೆಯದಕ್ಕೆ ಅದರ ಉತ್ತರ ಅನೇಕ ಶ್ರಾವಕರು ಭಾವಿಸಿರುವಷ್ಟು ಸುಲಭವಾಗಿಲ್ಲ. ಆದುದರಿಂದ ನೆರೆಯವರ ವಾದವನ್ನು ಸರಿಯಾಗಿ ತಿಳಿದುಕೊಂಡ ಮೇಲೆಯೇ ಅದನ್ನು ತೂಗುವುದು ಉಚಿತ.

ಮಾತುಗಳ ತೊಡಕು

ಕನ್ನಡದಲ್ಲಿ ಈ ವಿಚಾರವನ್ನು ಓದುವವನಿಗೆ ಮೊದಲ ತೊಡಕು ಶಬ್ದಗಳದು. ಬಳ್ಳಾರಿಯ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಬೈಬಲ್ ಕನ್ನಡದಲ್ಲಿ ಪೂರ್ಣವಾಗಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಕನ್ನಡದ ಬರವಣಿಗೆಯನ್ನೂ ಮುದ್ರಣವನ್ನೂ ಇನ್ನಷ್ಟು ಮುಂದಕ್ಕೆ ಒಯ್ದರು. ಪರದೇಶದ ತತ್ತ್ವವೊಂದನ್ನು ಹೇಳಲು ಇವರೆಲ್ಲರೂ ಈ ನೆಲದ ಮಾತುಗಳನ್ನೇ ಆಯ್ದುಕೊಳ್ಳಬೇಕಾಯಿತು: ಬಲಿ, ಯಜ್ಞ, ಪ್ರಾಯಶ್ಚಿತ್ತ, ವಿಮೋಚನೆ, ಈಡು. ಒಂದೊಂದು ಶಬ್ದವೂ ತನ್ನ ಹಳೆಯ ಅರ್ಥವನ್ನು ಹೊತ್ತುಕೊಂಡೇ ಹೊಸ ಮನೆಗೆ ಬಂದಿತು.

‘ಪ್ರಾಯಶ್ಚಿತ್ತ’ವನ್ನೇ ತೆಗೆದುಕೊಳ್ಳಬಹುದು. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಆರು ಅಂತರಂಗ ತಪಸ್ಸುಗಳಲ್ಲಿ ಇದನ್ನು ಮೊದಲನೆಯದಾಗಿ ಹೇಳಿ, ಆಲೋಚನೆ, ಪ್ರತಿಕ್ರಮಣ ಮೊದಲಾದ ಒಂಬತ್ತು ಭೇದಗಳನ್ನು ಎಣಿಸುತ್ತದೆ. ಇವೆಲ್ಲವೂ ದೋಷ ಮಾಡಿದವನೇ ಮಾಡಬೇಕಾದವು. ಗುರುವು ದಾರಿ ತೋರಬಲ್ಲನೇ ಹೊರತು ಶಿಷ್ಯನ ಉಪವಾಸವನ್ನು ತಾನು ಮಾಡಲಾರನು. ಇದೇ ಶಬ್ದವನ್ನು ಕ್ರಿಸ್ತನ ಮರಣಕ್ಕೆ ಹಚ್ಚಿದಾಗ ಅರ್ಥ ತಲೆಕೆಳಗಾಗುತ್ತದೆ. ಅಲ್ಲಿ ದೋಷ ಮಾಡಿದವರು ಒಬ್ಬರು, ಪ್ರಾಯಶ್ಚಿತ್ತ ಮಾಡಿದವನು ಇನ್ನೊಬ್ಬ.

‘ಈಡು’ ಎಂಬ ಮಾತು ಇದಕ್ಕಿಂತ ಒಪ್ಪುವಂತಹುದು. ಒತ್ತೆಯಿಟ್ಟ ವಸ್ತು, ಸಾಲಕ್ಕೆ ಕೊಟ್ಟ ಭದ್ರತೆ, ಒಂದಕ್ಕೆ ಸಮನಾದ ಮತ್ತೊಂದು ಎಂಬ ಅರ್ಥಗಳು ಇದಕ್ಕುಂಟು; ಅಂಗಡಿ, ಗದ್ದೆ, ಲೇವಾದೇವಿಗಳಲ್ಲಿ ಬಳಕೆಯಾದ ಶಬ್ದವಿದು. ಅನೇಕರನ್ನು ಬಿಡಿಸಲು ಕ್ರಿಸ್ತನು ತನ್ನ ಪ್ರಾಣವನ್ನೇ ಕೊಟ್ಟನೆಂದು ಮಾರ್ಕನ ಸುವಾರ್ತೆ ಹೇಳುವಲ್ಲಿ ಕನ್ನಡ ಬೈಬಲ್ ಬಳಸುವುದು ಇದನ್ನೇ. ಮೂಲದ ಗ್ರೀಕ್ ಶಬ್ದವೂ ಸೆರೆಯಾಳನ್ನೋ ಗುಲಾಮನನ್ನೋ ಬಿಡಿಸಲು ತೆರುವ ಹಣವನ್ನು ಸೂಚಿಸುವಂತಹುದು. ಹೀಗೆ ಈ ತತ್ತ್ವವು ಆರಂಭದಲ್ಲಿಯೇ ವ್ಯವಹಾರದ ಭಾಷೆಯೊಡನೆ ಬೆರೆಯಿತು. ಮುಂದಿನ ಕಲಹದ ಬೇರು ಇಲ್ಲಿದೆ. ಕೊಟ್ಟ ಮೊತ್ತ ಎಷ್ಟು, ಯಾರ ಲೆಕ್ಕಕ್ಕೆ ಜಮೆಯಾಯಿತು ಎಂದು ಕೇಳದೆ ವ್ಯವಹಾರದ ಭಾಷೆಯನ್ನು ಆಡುವುದಕ್ಕಾಗುವುದಿಲ್ಲ.

‘ಎಲ್ಲರು’ ಮತ್ತು ‘ಅನೇಕರು’

ಹೊಸ ಒಡಂಬಡಿಕೆಯಲ್ಲಿಯೇ ಎರಡು ಬಗೆಯ ವಾಕ್ಯಗಳಿವೆ. ಯೋಹಾನನ ಮೊದಲ ಪತ್ರವು ಕ್ರಿಸ್ತನ ಬಲಿ ವಿಶ್ವಾಸಿಗಳ ಪಾಪಕ್ಕೆ ಮಾತ್ರ ನಿಲ್ಲದೆ ಇಡೀ ಲೋಕದ ಪಾಪವನ್ನು ಮುಟ್ಟುತ್ತದೆ ಎನ್ನುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರವು ಆತನು ಎಲ್ಲರಿಗಾಗಿ ತನ್ನನ್ನು ಕೊಟ್ಟನೆಂದು ಹೇಳುತ್ತದೆ. ಇನ್ನೊಂದು ಕಡೆ, ಯೋಹಾನನ ಸುವಾರ್ತೆಯ ಕುರುಬನು ಪ್ರಾಣ ಕೊಡುವುದು ತನ್ನ ಕುರಿಗಳಿಗಾಗಿ. ಎಫೆಸದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ತನ್ನನ್ನು ಒಪ್ಪಿಸಿಕೊಂಡುದು ಸಭೆಗಾಗಿ. ಮತ್ತಾಯನ ಸುವಾರ್ತೆಯ ಆರಂಭದಲ್ಲಿ ಆತನು ರಕ್ಷಿಸುವುದು ತನ್ನ ಜನರನ್ನು. ‘ಲೋಕ’ವೆಂದರೆ ಎಲ್ಲ ದೇಶಗಳಿಂದ ಆರಿಸಲ್ಪಟ್ಟವರೆಂದು ಒಂದು ಪಕ್ಷ ಅರ್ಥ ಮಾಡುತ್ತದೆ. ‘ತನ್ನ ಕುರಿಗಳಿಗಾಗಿ’ ಎಂದಮಾತ್ರಕ್ಕೆ ಉಳಿದವರಿಗಾಗಿ ಅಲ್ಲವೆಂದು ಹೇಳಿದಂತಾಗಲಿಲ್ಲವೆಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ.

ಇದು ಪಂಡಿತರ ಕೊಠಡಿಗೆ ಮಾತ್ರ ಸೀಮಿತವಾದ ಚರ್ಚೆಯೂ ಅಲ್ಲ. ಕಥೊಲಿಕರ ಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಕುರಿತು ಯಾಜಕನು ಹೇಳುವ ಲತೀನ್ ಮಾತಿನ ಅರ್ಥ ‘ಅನೇಕರಿಗಾಗಿ’ ಎಂದು. ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ ದೇಶಭಾಷೆಗಳಲ್ಲಿ ಪೂಜೆ ಆರಂಭವಾದಾಗ ಇಂಗ್ಲಿಷ್ ಪಾಠದಲ್ಲಿ ಅದು ‘ಎಲ್ಲರಿಗಾಗಿ’ ಎಂದಾಯಿತು. 2006ರಲ್ಲಿ ರೋಮಿನ ಆರಾಧನಾ ವಿಭಾಗವು ಮೂಲಕ್ಕೆ ನಿಷ್ಠವಾಗಿ ‘ಅನೇಕರಿಗಾಗಿ’ ಎಂದೇ ಅನುವಾದಿಸಬೇಕೆಂದು ಬಿಷಪರಿಗೆ ತಿಳಿಸಿತು. 2011ರಲ್ಲಿ ಬಳಕೆಗೆ ಬಂದ ಹೊಸ ಇಂಗ್ಲಿಷ್ ಪೂಜಾಗ್ರಂಥದಲ್ಲಿ ಅದು ಹಾಗೆಯೇ ಬದಲಾಯಿತು. ಆದರೆ ರೋಮಿನ ಅದೇ ಪತ್ರವು ಕ್ರಿಸ್ತನು ಎಲ್ಲರಿಗಾಗಿ ಮರಣ ಹೊಂದಿದನೆಂಬುದು ಧರ್ಮಸಭೆಯ ನಿಶ್ಚಿತ ಬೋಧನೆಯೆಂದೂ ಸ್ಪಷ್ಟಪಡಿಸಿತು. ಅನುವಾದ ಬದಲಾಯಿತು, ಬೋಧನೆ ಇದ್ದಲ್ಲಿಯೇ ಉಳಿಯಿತು.

ವಾದದ ಚರಿತ್ರೆ

9ನೆಯ ಶತಮಾನದಲ್ಲಿ ಗೊಟ್‌ಶಾಕ್ ಎಂಬ ಸನ್ಯಾಸಿಯು, ದೇವರು ಕೆಲವರನ್ನು ಜೀವಕ್ಕೂ ಕೆಲವರನ್ನು ದಂಡನೆಗೂ ನಿಯಮಿಸಿದ್ದಾನೆ, ಕ್ರಿಸ್ತನ ಮರಣವು ಆರಿಸಲ್ಪಟ್ಟವರಿಗಾಗಿ ಮಾತ್ರ ಎಂದು ಬೋಧಿಸಿದನು. 849ರಲ್ಲಿ ಕಿಯರ್ಜಿಯಲ್ಲಿ ಕೂಡಿದ ಧರ್ಮಸಭೆ ಅವನಿಗೆ ಛಡಿಯೇಟಿನ ಶಿಕ್ಷೆ ವಿಧಿಸಿ, ಮಠವೊಂದರಲ್ಲಿ ಸೆರೆಯಿಟ್ಟಿತು. ಸಾಯುವವರೆಗೂ ಅವನು ತನ್ನ ಮತವನ್ನು ಬಿಡಲಿಲ್ಲ. 853ರಲ್ಲಿ ಅದೇ ಊರಿನಲ್ಲಿ ಕೂಡಿದ ಸಭೆಯು, ಕ್ರಿಸ್ತನು ಯಾವನಿಗಾಗಿ ಸಾಯಲಿಲ್ಲವೋ ಅಂತಹ ಮನುಷ್ಯನು ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರಲಾರನು ಎಂಬ ಅಭಿಪ್ರಾಯವನ್ನು ಘೋಷಿಸಿತು. ಎಲ್ಲರ ಮೇಲೂ ದೇವರ ಕರುಣೆಯುಂಟೆಂದು ಸಾರಿದವರು ವಿರೋಧಿಯೊಬ್ಬನಿಗೆ ಛಡಿಯೇಟು ಕೊಡಿಸಿದುದು ಇತಿಹಾಸದ ವಿಪರ್ಯಾಸ. ತತ್ತ್ವದ ವ್ಯಾಪ್ತಿ ದೊಡ್ಡದಾದರೆ ಮನಸ್ಸಿನ ವ್ಯಾಪ್ತಿಯೂ ತಾನಾಗಿ ದೊಡ್ಡದಾಗುತ್ತದೆಂಬ ಭರವಸೆ ಇಲ್ಲ.

12ನೆಯ ಶತಮಾನದ ಪೀಟರ್ ಲೊಂಬಾರ್ಡನು ಎರಡು ಪಕ್ಷಗಳಿಗೂ ಸಲ್ಲುವ ಸೂತ್ರವೊಂದನ್ನು ಕೊಟ್ಟನು. ಬಲಿಯ ಬೆಲೆ ಎಲ್ಲರಿಗೂ ಸಾಕಾಗುವಷ್ಟು, ಅದರ ಫಲ ಆರಿಸಲ್ಪಟ್ಟವರಿಗೆ ಮಾತ್ರ ಎಂಬುದು ಅದರ ಸಾರ. ಇದು ಶತಮಾನಗಳ ಕಾಲ ಕಲಹವನ್ನು ಮುಚ್ಚಿಟ್ಟಿತು, ಬಿಡಿಸಲಿಲ್ಲ. ಸುಧಾರಣಾ ಯುಗದ ಅನಂತರ ಹಾಲೆಂಡಿನಲ್ಲಿ ಅದು ಮತ್ತೆ ಎದ್ದಿತು. 1609ರಲ್ಲಿ ತೀರಿಕೊಂಡ ಆರ್ಮಿನಿಯಸನ ಅನುಯಾಯಿಗಳು ಮರುವರ್ಷ ಐದು ಅಂಶಗಳ ಮನವಿಯೊಂದನ್ನು ಸಲ್ಲಿಸಿದರು. ಕ್ರಿಸ್ತನು ಪ್ರತಿಯೊಬ್ಬನಿಗಾಗಿಯೂ ಸತ್ತನು, ಆದರೆ ನಂಬಿದವನಿಗೆ ಮಾತ್ರ ಅದು ಫಲಿಸುತ್ತದೆ ಎಂಬುದು ಅದರಲ್ಲೊಂದು. ಇದಕ್ಕೆ ಉತ್ತರವಾಗಿ 1618ರ ನವೆಂಬರಿನಿಂದ 1619ರ ಮೇ ತಿಂಗಳವರೆಗೆ ಡೋರ್ಟ್ ನಗರದಲ್ಲಿ ಮಹಾಸಭೆ ನಡೆಯಿತು.

ಡೋರ್ಟಿನ ನಿರ್ಣಯವನ್ನು ಹೊರಗಿನವರು ಅನೇಕ ವೇಳೆ ತಪ್ಪಾಗಿ ವರ್ಣಿಸುತ್ತಾರೆ. ಕ್ರಿಸ್ತನ ಮರಣದ ಬೆಲೆ ಕಡಿಮೆಯೆಂದು ಅದು ಹೇಳಲಿಲ್ಲ. ಇಡೀ ಲೋಕದ ಪಾಪವನ್ನು ತೊಳೆಯಲು ಅದು ಸಾಲುತ್ತದೆ, ಆ ಸುದ್ದಿಯನ್ನು ಭೇದವಿಲ್ಲದೆ ಎಲ್ಲ ಜನಾಂಗಗಳಿಗೂ ಸಾರಬೇಕು ಎಂದೇ ಅಲ್ಲಿ ಬರೆದಿದೆ. ಮಿತಿ ಇರುವುದು ಬೆಲೆಯಲ್ಲಿ ಅಲ್ಲ, ಉದ್ದೇಶದಲ್ಲಿ. ಫಲಕಾರಿಯಾಗಿ ಬಿಡಿಸಬೇಕೆಂಬ ದೇವರ ಸಂಕಲ್ಪವು ಆರಿಸಲ್ಪಟ್ಟವರನ್ನು ಮಾತ್ರ ಕುರಿತದ್ದು ಎಂಬುದು ಅದರ ತೀರ್ಮಾನ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವಂತೆ, ಕಾರ್ಯದಿಂದ ಸಂಕಲ್ಪವನ್ನು ಊಹಿಸುವುದು ಈ ಪಕ್ಷದ ತರ್ಕ. ಎಲ್ಲರೂ ಬಿಡುಗಡೆ ಹೊಂದುವುದಿಲ್ಲ. ದೇವರ ಸಂಕಲ್ಪ ವ್ಯರ್ಥವಾಗಲಾರದು. ಆದುದರಿಂದ ಎಲ್ಲರ ಬಿಡುಗಡೆ ಆ ಸಂಕಲ್ಪದಲ್ಲಿ ಇರಲಿಲ್ಲ.

ಲೆಕ್ಕದ ಪುಸ್ತಕ

ಈ ಪಕ್ಷವನ್ನು ಅತ್ಯಂತ ಬಿಗಿಯಾಗಿ ಕಟ್ಟಿದವನು 1640ರ ದಶಕದಲ್ಲಿ ಬರೆದ ಇಂಗ್ಲೆಂಡಿನ ಜಾನ್ ಓವೆನ್. ಅವನ ಪ್ರಶ್ನೆಯನ್ನು ಹೀಗೆ ಸಂಗ್ರಹಿಸಬಹುದು. ಕ್ರಿಸ್ತನು ತೀರಿಸಿದುದು ಎಲ್ಲರ ಎಲ್ಲ ಪಾಪಗಳನ್ನೋ, ಕೆಲವರ ಎಲ್ಲ ಪಾಪಗಳನ್ನೋ, ಎಲ್ಲರ ಕೆಲವು ಪಾಪಗಳನ್ನೋ? ಮೂರನೆಯದಾದರೆ ಯಾರೂ ಬದುಕುವುದಿಲ್ಲ, ಉಳಿದ ಪಾಪ ಸಾಕು ಮುಳುಗಿಸಲು. ಮೊದಲನೆಯದಾದರೆ ಎಲ್ಲರೂ ಬಿಡುಗಡೆ ಹೊಂದಬೇಕಿತ್ತು. ನಂಬದವರು ಹೊಂದುವುದಿಲ್ಲ ಎಂದರೆ, ಆ ಅವಿಶ್ವಾಸವು ಪಾಪವೋ ಅಲ್ಲವೋ? ಪಾಪವಾದರೆ ಅದೂ ತೀರಿದ ಪಟ್ಟಿಯಲ್ಲಿಯೇ ಇದೆ. ಪಾಪವಲ್ಲವಾದರೆ ಅದಕ್ಕೆ ದಂಡನೆ ಏಕೆ? ಉಳಿಯುವುದು ಎರಡನೆಯದು ಮಾತ್ರ.

ವ್ಯಾಪಾರದ ಮನೆಯಲ್ಲಿ ಬೆಳೆದವರಿಗೆ ಈ ವಾದದ ಬಲ ಬೇಗನೆ ತಿಳಿಯುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 41ನೆಯ ಕಲಮು ಹೇಳುವುದೂ ಇದೇ ನ್ಯಾಯವನ್ನು. ಸಾಲಿಗನ ಬದಲಿಗೆ ಮೂರನೆಯವನೊಬ್ಬನು ಕರಾರನ್ನು ನೆರವೇರಿಸಿ, ಧನಿಯು ಅದನ್ನು ಒಪ್ಪಿಕೊಂಡ ಮೇಲೆ, ಮತ್ತೆ ಅದೇ ಬಾಬ್ತು ಸಾಲಿಗನ ಮೇಲೆ ದಾವೆ ಹೂಡುವಂತಿಲ್ಲ. ಒಂದೇ ಸಾಲವನ್ನು ಎರಡು ಸಲ ವಸೂಲು ಮಾಡುವ ಧನಿಯನ್ನು ಪೇಟೆಯಲ್ಲಿ ಯಾರೂ ಧರ್ಮಿಷ್ಠನೆನ್ನುವುದಿಲ್ಲ. ಮರಣವು ಸಾಲದ ಪಾವತಿಯೆಂದು ಒಪ್ಪಿದ ಮೇಲೆ, ತೀರಿದ ಸಾಲಕ್ಕಾಗಿ ಮನುಷ್ಯನನ್ನು ಮತ್ತೆ ನರಕಕ್ಕೆ ಕಳುಹಿಸುವ ದೇವರು ನ್ಯಾಯವಂತನೆನಿಸಲಾರನು. ಆದುದರಿಂದ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಕೊನೆಯವರೆಗೆ ಒಯ್ದವನು ಎರಡರಲ್ಲಿ ಒಂದನ್ನು ಒಪ್ಪಲೇಬೇಕು: ಪಾವತಿಯಾದುದು ಕೆಲವರ ಸಾಲ ಮಾತ್ರ, ಇಲ್ಲವೇ ಕೊನೆಗೆ ಎಲ್ಲರಿಗೂ ಬಿಡುಗಡೆ.

ಆದರೆ ಲೆಕ್ಕದ ಮೂಲವನ್ನೇ ಶೋಧಿಸಿದವರೂ ಕ್ರೈಸ್ತರಲ್ಲಿಯೇ ಇದ್ದರು. ನ್ಯಾಯಶಾಸ್ತ್ರಜ್ಞನಾದ ಗ್ರೋಶಿಯಸ್ 1617ರಲ್ಲಿ, ಸಾಲಿಗನು ಕೊಡಬೇಕಾದುದನ್ನು ತಾನೇ ಕೊಟ್ಟರೆ ಸಾಲ ತಾನಾಗಿ ಹರಿಯುತ್ತದೆ, ಇನ್ನೊಬ್ಬನು ಅದಕ್ಕೆ ಬದಲಾಗಿ ಏನನ್ನಾದರೂ ಕೊಟ್ಟಾಗ ಒಪ್ಪುವುದು ಬಿಡುವುದು ಧನಿಯ ಇಚ್ಛೆ, ಅವನು ಶರತ್ತನ್ನೂ ಹಾಕಬಹುದು ಎಂದು ವಾದಿಸಿದನು. ನಂಬಿಕೆಯೇ ಆ ಶರತ್ತು ಎಂದರೆ ಓವೆನನ ತೊಡಕು ಸಡಿಲಾಗುತ್ತದೆ. ಇದಕ್ಕೂ ಮುನ್ನ 1594ರಲ್ಲಿ ಸೊಸಿನಸನು ಬುಡಕ್ಕೇ ಕೈಹಾಕಿದ್ದನು. ಹಣದ ಸಾಲವನ್ನು ಒಬ್ಬರ ಪರವಾಗಿ ಇನ್ನೊಬ್ಬರು ತೀರಿಸಬಹುದು, ಅಪರಾಧವನ್ನು ಹಾಗೆ ವರ್ಗಾಯಿಸಲಾಗದು. ಪೂರ್ತಿ ಪಾವತಿ ಪಡೆದವನು ತಾನು ಕ್ಷಮಿಸಿದೆನೆಂದು ಹೇಳಿಕೊಳ್ಳುವಂತೆಯೂ ಇಲ್ಲ ಎಂಬುದು ಅವನ ಆಕ್ಷೇಪ. ಎರಡು ಶತಮಾನಗಳ ಬಳಿಕ, 1793ರಲ್ಲಿ, ಜರ್ಮನಿಯ ಕಾಂಟ್ ಕೂಡ ನೈತಿಕ ಋಣವು ಅತ್ಯಂತ ಸ್ವಂತದ್ದು, ಅದನ್ನು ಕೈಬದಲಿಸಲಾಗದು ಎಂದನು. ಒಬ್ಬನ ಕರ್ಮವನ್ನು ಮತ್ತೊಬ್ಬನು ಭೋಗಿಸಲಾರನೆಂಬ ಜೈನರ ಮಾತಿಗೆ ಸನಿಹವಾದ ಮಾತು ಕ್ರೈಸ್ತ ದೇಶಗಳ ಒಳಗಿನಿಂದಲೇ ಹುಟ್ಟಿತೆಂಬುದು ಗಮನಾರ್ಹ.

ಮಂಗಳೂರಿಗೆ ಬಂದ ಎರಡು ಹೊಳೆಗಳು

ಮಂಗಳೂರಿನ ಎರಡು ಹಿರಿಯ ಕ್ರೈಸ್ತ ಪರಂಪರೆಗಳು ಈ ಕಲಹದಲ್ಲಿ ಎಲ್ಲಿ ನಿಲ್ಲುತ್ತವೆ? ಕಥೊಲಿಕ ಧರ್ಮಸಭೆಯ ನಿಲುವು ಲಿಖಿತವಾಗಿಯೇ ಇದೆ. ಕ್ರಿಸ್ತನು ಎಲ್ಲರಿಗಾಗಿ ಸತ್ತರೂ ಎಲ್ಲರೂ ಅದರ ಫಲವನ್ನು ಪಡೆಯುವುದಿಲ್ಲವೆಂದು 1547ರಲ್ಲಿ ಟ್ರೆಂಟಿನ ಮಹಾಸಭೆ ನಿರ್ಣಯಿಸಿತು. ಆತನು ಎಲ್ಲ ಮನುಷ್ಯರಿಗಾಗಿ ಸತ್ತನೆನ್ನುವುದು ತಪ್ಪು ಎಂಬ ಜಾನ್ಸನನ ಪಂಥದ ಮತವನ್ನು 1653ರಲ್ಲಿ ಪೋಪರು ಖಂಡಿಸಿದರು. ಆ ವಾದದಲ್ಲಿ ಜಾನ್ಸನ್ ಪಂಥದ ಮುಖ್ಯ ಪ್ರತಿವಾದಿಗಳಾಗಿದ್ದವರು ಯೇಸುಸಭೆಯವರು. ಅದೇ ಯೇಸುಸಭೆಯ ಪಾದ್ರಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನು ಎಲ್ಲರಿಗಾಗಿ ಸತ್ತುದರಿಂದ ಸಭೆಯ ಹೊರಗಿನ ಸದ್ಭಾವದ ಜನರಿಗೂ ದೇವರಿಗೆ ಮಾತ್ರ ತಿಳಿದ ಬಗೆಯಲ್ಲಿ ಆ ಫಲದಲ್ಲಿ ಪಾಲು ದೊರೆಯುವ ಅವಕಾಶವುಂಟೆಂದು ಹೇಳಿತು.

ಬಾಸೆಲ್ ಮಿಶನಿನ ಕಥೆ ಬೇರೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಲೂಥರನ ಅನುಯಾಯಿಗಳೂ ಕಾಲ್ವಿನನ ಕಡೆಯ ಸುಧಾರಿತ ಸಭೆಯವರೂ ಕೂಡಿ ದುಡಿದರು. ಹೆರ್ಮನ್ ಮೊಗ್ಲಿಂಗರೂ ಸೇರಿದಂತೆ ಅನೇಕರು ಬಂದುದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ. ಅಲ್ಲಿಯ ಲೂಥರನ್ ಸಭೆಗೆ ಡೋರ್ಟಿನ ನಿರ್ಣಯ ಎಂದೂ ಶಾಸನವಾಗಿರಲಿಲ್ಲ. ಅಷ್ಟೇ ಅಲ್ಲ, ಆ ಸೀಮೆಯ ಭಕ್ತಿಪಂಥದಲ್ಲಿ ಏಟಿಂಗರ್, ಮೀಖಾಯೆಲ್ ಹಾನ್ ಮೊದಲಾದವರು ಕೊನೆಗೊಂದು ದಿನ ಸರ್ವರಿಗೂ ಪುನಃಸ್ಥಾಪನೆಯಾಗುತ್ತದೆಂದು ನಂಬಿದ್ದರು. ಮುಂದೆ 1935ರಿಂದ 1962ರವರೆಗೆ ಅದೇ ಬಾಸೆಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದ ಕಾರ್ಲ್ ಬಾರ್ಟ್, ಆಯ್ಕೆಯಾದವನೂ ತಿರಸ್ಕೃತನಾದವನೂ ಎಲ್ಲರ ಪರವಾಗಿ ಕ್ರಿಸ್ತನೊಬ್ಬನೇ ಎಂದು ಹಳೆಯ ಪ್ರಶ್ನೆಗೆ ಹೊಸ ರೂಪ ಕೊಟ್ಟನು. ಎಲ್ಲರೂ ರಕ್ಷಿತರೆಂಬುದನ್ನು ಸಿದ್ಧಾಂತವಾಗಿ ಸಾರಲು ಮಾತ್ರ ಅವನು ಒಪ್ಪಲಿಲ್ಲ. ಹಾಗೆ ಆಶಿಸುವುದಕ್ಕೆ ಅಡ್ಡಿಯಿಲ್ಲವೆಂದನು.

ಹೀಗೆ ಎರಡು ಹೊಳೆಗಳೂ ‘ಎಲ್ಲರಿಗಾಗಿ’ ಎಂಬ ಕಡೆಗೇ ಹರಿದು ಬಂದಿವೆ. ಆದರೆ ಓವೆನನ ಪ್ರಶ್ನೆ ಅವರನ್ನು ಬಿಟ್ಟಿಲ್ಲ. ಎಲ್ಲರಿಗಾಗಿ ನಡೆದ ಬಲಿ ಎಲ್ಲರಲ್ಲಿ ಏಕೆ ಫಲಿಸುವುದಿಲ್ಲ? ನಂಬಿಕೆ ಬೇಕೆಂದರೆ ಕೊನೆಯ ಭಾರ ಮನುಷ್ಯನ ಮೇಲೆಯೇ ಬೀಳುತ್ತದೆ. ಆ ನಂಬಿಕೆಯೂ ದೇವರ ಕೊಡುಗೆಯೆಂದರೆ, ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿರಲು ಕಾರಣವೇನೆಂಬ ಪ್ರಶ್ನೆ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ. ಡೋರ್ಟಿನವರು ತರ್ಕವನ್ನು ಉಳಿಸಿಕೊಂಡು ಕರುಣೆಯನ್ನು ಕಿರಿದಾಗಿಸಿದರು. ಉಳಿದವರು ಕರುಣೆಯನ್ನು ಉಳಿಸಿಕೊಂಡು ತರ್ಕದಲ್ಲಿ ಒಂದು ಗಂಟನ್ನು ಬಿಡಿಸದೆ ಬಿಟ್ಟರು. ಎರಡನೆಯದೇ ಮೇಲು ಎಂದು ವಿಮರ್ಶಕನು ಹೇಳಬಹುದಾದರೂ, ಗಂಟು ಇಲ್ಲವೆಂದು ಹೇಳಲಾರನು.

ಕನ್ನಡಿಯ ಈಚೆ

1872ರಲ್ಲಿಯೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಫರ್ಡಿನಂಡ್ ಕಿಟೆಲರ ಎರಡು ಪುಸ್ತಕಗಳು ಹೊರಬಂದವು. ಒಂದು, ವೇದೋಕ್ತ ಯಜ್ಞದ ವಿಚಾರವನ್ನೆತ್ತಿಕೊಂಡು ಓದುಗನನ್ನು ಕ್ರಿಸ್ತನ ಬಲಿಯತ್ತ ಕೊಂಡೊಯ್ಯುವ ‘ಯಜ್ಞಸುಧಾನಿಧಿ’. ಇನ್ನೊಂದು, ಜೈನ ವೈಯಾಕರಣಿ ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆ. ಕೇಶಿರಾಜನ ಸೋದರಮಾವನಾದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯೂ ಬಲಿಯನ್ನೇ ಕುರಿತ ಕಾವ್ಯವೆಂಬುದು ಇಲ್ಲಿ ನೆನಪಿಗೆ ಬಾರದಿರದು. ಕೆಟ್ಟ ಕನಸಿನ ದೋಷ ಕಳೆಯಲು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿರುವ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಬದಲಿ ವಸ್ತುವಿನಿಂದ ಸಂಕಲ್ಪದ ಹಿಂಸೆ ಅಳಿಯುವುದಿಲ್ಲ. ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ದೋಷವನ್ನು ಇನ್ನೊಂದರ ಮೇಲೆ ಹೊರಿಸಿ ತಾನು ಪಾರಾಗಬಹುದೆಂಬ ಭಾವನೆಗೆ ಇದಕ್ಕಿಂತ ಬಲವಾದ ಉತ್ತರ ಕನ್ನಡದಲ್ಲಿ ವಿರಳ.

ಆದರೆ ಈ ಅಸ್ತ್ರವನ್ನು ಕ್ರೈಸ್ತರ ಮೇಲೆ ಹಾಗೆಯೇ ಪ್ರಯೋಗಿಸುವುದು ನ್ಯಾಯವಲ್ಲ. ಯಶೋಧರನು ಕಡಿದುದು ಬೇರೊಂದನ್ನು. ಕ್ರಿಸ್ತನು ಕೊಟ್ಟುದು ತನ್ನನ್ನು. ಹೋರಿ ಹೋತಗಳ ರಕ್ತದಿಂದ ಪಾಪ ಹೋಗದೆಂದು ಇಬ್ರಿಯರಿಗೆ ಬರೆದ ಪತ್ರವೂ ಹೇಳುತ್ತದೆ. ಕ್ರೈಸ್ತ ಆರಾಧನೆಯಲ್ಲಿ ಪ್ರಾಣಿಬಲಿಗೆ ಎಡೆ ಉಳಿಯದುದು ಆ ತತ್ತ್ವದಿಂದಲೇ. ಇನ್ನೊಬ್ಬರಿಗಾಗಿ ನೋವುಣ್ಣುವುದನ್ನು ಜೈನ ಓದುಗನು ಗೌರವಿಸಬಲ್ಲನು. ಆ ನೋವು ಬೇರೊಬ್ಬನ ಕರ್ಮದ ಲೆಕ್ಕಕ್ಕೆ ಜಮೆಯಾಗುತ್ತದೆಂಬುದನ್ನು ಮಾತ್ರ ಅವನು ಒಪ್ಪಲಾರನು.

ಕೆಲವರಿಗೆ ಮಾತ್ರವೆಂಬ ಡೋರ್ಟಿನ ಮಾತನ್ನು ಕೇಳಿ ಇದೆಂತಹ ಪಕ್ಷಪಾತವೆಂದು ಉದ್ಗರಿಸುವ ಮೊದಲು ಜೈನನು ತನ್ನ ಗ್ರಂಥವನ್ನೂ ತೆರೆಯಬೇಕು. ತತ್ತ್ವಾರ್ಥಸೂತ್ರದ 2ನೆಯ ಅಧ್ಯಾಯವು ಜೀವದ ಪಾರಿಣಾಮಿಕ ಭಾವಗಳಲ್ಲಿ ಭವ್ಯತ್ವ, ಅಭವ್ಯತ್ವಗಳನ್ನು ಹೇಳುತ್ತದೆ. ಅಭವ್ಯ ಜೀವನು ಎಷ್ಟು ಕಾಲ ಕಳೆದರೂ ಸಮ್ಯಕ್ತ್ವವನ್ನು ಪಡೆಯಲಾರನು, ಮೋಕ್ಷವನ್ನು ಮುಟ್ಟಲಾರನು. ಇದು ಯಾರ ಆಜ್ಞೆಯೂ ಅಲ್ಲ, ವಸ್ತುಸ್ವಭಾವ. ಇಲ್ಲಿ ಪಕ್ಷಪಾತ ಮಾಡುವ ಈಶ್ವರನೇ ಇಲ್ಲ ಎಂಬ ಸಮಾಧಾನ ಸರಿಯೇ. ಆದರೆ ಹೊರಗುಳಿದ ಜೀವದ ಕಡೆಯಿಂದ ನೋಡಿದರೆ, ಆಜ್ಞೆಯಿಂದ ಹೊರಗುಳಿದುದಕ್ಕೂ ಸ್ವಭಾವದಿಂದ ಹೊರಗುಳಿದುದಕ್ಕೂ ಫಲದಲ್ಲಿ ಎಷ್ಟು ಅಂತರ? ಅಲ್ಲಿಯಾದರೆ ಮೊರೆಯಿಡಲು ಒಬ್ಬನಿದ್ದಾನೆ. ಇಲ್ಲಿ ಅವನೂ ಇಲ್ಲ. ನೆರೆಯವರಲ್ಲಿ ಕಂಡ ಗಂಟು ಮನೆಯ ನೂಲಿನಲ್ಲಿಯೂ ಇದೆ.

ಎರಡೂ ಪರಂಪರೆಗಳ ಆಚಾರ್ಯರು ಈ ಗಂಟಿನ ಎದುರು ನಡೆದುಕೊಂಡ ರೀತಿಯಲ್ಲಿ ಹೋಲಿಕೆಯುಂಟು. ಯಾವ ಜೀವ ಭವ್ಯ, ಯಾವುದು ಅಭವ್ಯ ಎಂಬುದು ಕೇವಲಜ್ಞಾನಿಗೆ ಮಾತ್ರ ಗೋಚರ. ತನಗೆ ಮೋಕ್ಷದ ಯೋಗ್ಯತೆ ಇದೆಯೋ ಇಲ್ಲವೋ ಎಂದು ಕಳವಳಪಡುವವನಿಗೆ, ಆ ಹಂಬಲವೇ ಭವ್ಯತ್ವದ ಕುರುಹೆಂದು ಹಿರಿಯರು ಧೈರ್ಯ ಹೇಳುತ್ತಾರೆ. ಡೋರ್ಟಿನ ಸಭೆಯೂ ತನ್ನ ಕಠಿನ ನಿರ್ಣಯದ ನಡುವೆ, ದೃಢ ನಂಬಿಕೆ ಇನ್ನೂ ಮೂಡದಿದ್ದರೂ ಅದಕ್ಕಾಗಿ ಶ್ರಮಿಸುವವರು ತಿರಸ್ಕಾರದ ಮಾತು ಕೇಳಿ ಎದೆಗೆಡಬಾರದೆಂದು ಬರೆಯಿತು. ಹೊರಗುಳಿದವರು ಇರಬಹುದೆಂದು ಎರಡೂ ಹೇಳುತ್ತವೆ. ಇಂಥವನೇ ಹೊರಗಿನವನೆಂದು ಬೆರಳಿಟ್ಟು ತೋರುವ ಅಧಿಕಾರವನ್ನು ಎರಡೂ ಮನುಷ್ಯನಿಗೆ ಕೊಡುವುದಿಲ್ಲ.

ಕ್ರಿಸ್ತನ ಬಲಿಯ ವ್ಯಾಪ್ತಿಯನ್ನು ಕುರಿತ ಈ ದೀರ್ಘ ಕಲಹದಿಂದ ಹೊರಗಿನ ಓದುಗನು ಕಲಿಯಬೇಕಾದುದು ಇಲ್ಲಿದೆ. ಬಿಡುಗಡೆಯನ್ನು ಪಾವತಿಯ ರೂಪದಲ್ಲಿ ಮಾತ್ರ ಕಂಡಾಗ, ಯಾರ ಹೆಸರು ಪುಸ್ತಕದಲ್ಲಿದೆ, ಯಾರದು ಇಲ್ಲ ಎಂಬ ಹುಡುಕಾಟ ತಪ್ಪಿದ್ದಲ್ಲ. ಕ್ರೈಸ್ತ ಗ್ರಂಥದಲ್ಲಿಯೇ ಸಾಲದ ಇನ್ನೊಂದು ಕಥೆಯಿದೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಅರಸನು ಸೇವಕನೊಬ್ಬನ ಹತ್ತು ಸಾವಿರ ತಲಾಂತು ಸಾಲವನ್ನು ಯಾರಿಂದಲೂ ಪಾವತಿ ಪಡೆಯದೆ ಮನ್ನಾ ಮಾಡುತ್ತಾನೆ. ಆ ಸೇವಕನು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಅದರಿಂದ ತಾನು ಪಡೆದ ಮನ್ನಾವನ್ನೂ ಕಳೆದುಕೊಳ್ಳುತ್ತಾನೆ. ಅಲ್ಲಿ ಕ್ಷಮೆಯ ವ್ಯಾಪ್ತಿಯನ್ನು ಕಿರಿದು ಮಾಡಿದವನು ಅರಸನಲ್ಲ, ಕ್ಷಮೆ ಪಡೆದವನೇ. ಓವೆನನ ಲೆಕ್ಕಕ್ಕೂ ಸೊಸಿನಸನ ಆಕ್ಷೇಪಕ್ಕೂ ಸಿಗದ ಒಂದು ನೀತಿ ಈ ಕಥೆಯಲ್ಲಿದೆ, ಮತ್ತು ಅದು ಯಾವ ಮತದವನಿಗೂ ಅರ್ಥವಾಗುವಂತಹುದು.

ದಶಲಕ್ಷಣ ಪರ್ವದ ಕೊನೆಯಲ್ಲಿ ಬರು‌ವ ಕ್ಷಮಾವಣಿಯ ದಿನ ಶ್ರಾವಕನು ಕ್ಷಮೆ ಬೇಡುವುದೂ ಕ್ಷಮೆ ನೀಡುವುದೂ ಸಮಸ್ತ ಜೀವರಾಶಿಯನ್ನು ಉದ್ದೇಶಿಸಿ. ಅಭವ್ಯರನ್ನು ಬಿಟ್ಟು ಉಳಿದವರಲ್ಲಿ ಎಂದು ಯಾರೂ ಹೇಳುವುದಿಲ್ಲ. ತತ್ತ್ವದ ಪುಟದಲ್ಲಿ ಉಳಿದುಕೊಂಡ ವಿಭಾಗವನ್ನು ಕ್ಷಮೆಯ ಪಾಠವು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ಬಲ್ಲ ಶ್ರಾವಕನು ಬಲ್ಮಠದಲ್ಲಾಗಲಿ ಹಂಪನಕಟ್ಟೆಯಲ್ಲಾಗಲಿ ನೆರೆಯವನು ‘ಎಲ್ಲರಿಗಾಗಿ’ ಎಂದು ಹೇಳುವುದನ್ನು ಕೇಳಿದಾಗ, ಅದರ ಹಿಂದಿನ ಲೆಕ್ಕವನ್ನು ಒಪ್ಪದೆ ಇರಬಹುದು. ಆ ಮಾತಿನ ಹಂಬಲವನ್ನು ಮಾತ್ರ ಅಲ್ಲಗಳೆಯಲಾರನು.